ಬೇಲಿಯ ಆಚೆಗೆ ಕಾಣಬೇಕಾದರೆ: ಗೇಮ್‌ಗಳ ಪಾರದರ್ಶಕ ಟೆಕ್ಸ್ಚರ್

ಕಂಪ್ಯೂಟರ್ ಗೇಮ್‌ನ ಲೆವೆಲ್‌ನಲ್ಲಿ ಗೋಡೆ ಕಟ್ಟುವುದಕ್ಕಿಂತ ತಂತಿಬೇಲಿ ನಿಲ್ಲಿಸುವುದು ಕಷ್ಟದ ಕೆಲಸ. ಒಂದೊಂದು ತಂತಿಯನ್ನೂ ಘನಾಕೃತಿಯಾಗಿ ರಚಿಸಿದರೆ ಯಂತ್ರಕ್ಕೆ ಹೊರೆ. ಆದುದರಿಂದ ಚಪ್ಪಟೆ ಹಲಗೆಯೊಂದಕ್ಕೆ ಬೇಲಿಯ ಚಿತ್ರವನ್ನು, ಅಂದರೆ ಟೆಕ್ಸ್ಚರನ್ನು, ಹೊದಿಸಿ ತಂತಿಗಳ ನಡುವಿನ ಭಾಗವನ್ನು ಮಾತ್ರ ಮರೆಮಾಡಲಾಗುತ್ತದೆ.

ವಾಲ್ವ್ ಸಂಸ್ಥೆ 1998ರಲ್ಲಿ ಹೊರತಂದ ‘ಹಾಫ್-ಲೈಫ್’ ಇದಕ್ಕೆ ಉತ್ತಮ ನಿದರ್ಶನ. ಅದರಲ್ಲಿ ಪ್ರತಿ ಟೆಕ್ಸ್ಚರ್‌ಗೂ 256 ಬಣ್ಣಗಳ ಸ್ವಂತ ಪಟ್ಟಿಯಿದೆ. ಟೆಕ್ಸ್ಚರ್‌ನ ಹೆಸರು ‘{’ ಚಿಹ್ನೆಯಿಂದ ಆರಂಭವಾದರೆ ಪಟ್ಟಿಯ ಕೊನೆಯ ಬಣ್ಣವುಳ್ಳ ಪಿಕ್ಸೆಲ್‌ಗಳು ತೆರೆಯ ಮೇಲೆ ಮಾಯವಾಗುತ್ತವೆ. ರೂಢಿಯಂತೆ ಆ ಬಣ್ಣ ಅಚ್ಚ ನೀಲಿ. ಇಷ್ಟೇ ಸಾಲದು. ಹಲಗೆಯನ್ನು ಪ್ರತ್ಯೇಕ ವಸ್ತುವೆಂದು ಗುರುತಿಸಿ, ರೆಂಡರ್ ಮೋಡ್ ‘ಸಾಲಿಡ್’ ಎಂದೂ ಪ್ರಮಾಣ 255 ಎಂದೂ ನಮೂದಿಸಬೇಕು. ಮರೆತರೆ ಆಟಗಾರನ ಎದುರು ನೀಲಿ ಗೋಡೆಯೇ ನಿಂತಿರುತ್ತದೆ!

ನಿಜವಾದ ಶ್ರಮವಿರುವುದು ಅಂಚಿನಲ್ಲಿ. ಈ ವಿಧಾನದಲ್ಲಿ ಪಿಕ್ಸೆಲ್ ಪೂರ್ತಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ನಡುವಿನ ಸ್ಥಿತಿಗೆ ಅವಕಾಶವಿಲ್ಲ. ನೀಲಿ ಹಿನ್ನೆಲೆಯ ಚಿತ್ರವನ್ನು ಕುಗ್ಗಿಸಿದಾಗ ಅಂಚಿನ ಬಣ್ಣ ನೀಲಿಯೊಡನೆ ಬೆರೆಯುತ್ತದೆ. ಬೆರೆತ ಬಣ್ಣ ಪಟ್ಟಿಯ ಕೊನೆಯದಲ್ಲವಾದ್ದರಿಂದ ಅದು ಮಾಯವಾಗದೆ ತಂತಿಯ ಸುತ್ತ ನೀಲಿ ಗೆರೆಯಾಗಿ ಉಳಿಯುತ್ತದೆ. ಕಲಾವಿದ ಚಿತ್ರವನ್ನು ಹಿಗ್ಗಿಸಿಕೊಂಡು ಒಂದೊಂದೇ ಪಿಕ್ಸೆಲ್ ತಿದ್ದಬೇಕು. ಬೇಲಿಯಾದರೆ ಸರಿ, ಎಲೆಗೊಂಚಲಾದರೆ ಆತನ ಪಾಡು ಕೇಳುವುದೇ ಬೇಡ.

ಇಷ್ಟಾದರೂ ಹತ್ತಿರ ಹೋದರೆ ಅಂಚು ಒರಟಾಗಿಯೇ ಕಾಣುತ್ತಿತ್ತು. ವಾಲ್ವ್‌ನ ಕ್ರಿಸ್ ಗ್ರೀನ್ 2007ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ರತಿ ಪಿಕ್ಸೆಲ್ ಅಂಚಿನಿಂದ ತನಗಿರುವ ದೂರವನ್ನು ದಾಖಲಿಸಿಕೊಳ್ಳುತ್ತದೆ. ಇದರಿಂದ ಚಿಕ್ಕ ಟೆಕ್ಸ್ಚರ್ ಹಿಗ್ಗಿದಾಗಲೂ ಅಂಚು ನಯವಾಗಿ ಉಳಿಯುತ್ತದೆ.