ಪ್ರೊಸೆಸರಿನ ವೇಗ, ಓವರ್‌ಕ್ಲಾಕಿಂಗ್ ಮತ್ತು ನಮ್ಮ ರೊಕ್ಕ

ಕಬ್ಬಿನ ಬಿಲ್ಲು ಕೈಗೆ ಬಂದಾಗ ಮಕ್ಕಳಿಗೆ ಡೆಸ್ಕ್‌ಟಾಪ್ ಗಣಕಯಂತ್ರ ಕೊಡಿಸಬೇಕೆನ್ನುವ ಹಳೆಯ ವಿದ್ಯಾರ್ಥಿಗಳು ಅಥಣಿ, ಕಾಗವಾಡಗಳಿಂದ ನನ್ನನ್ನು ಕೇಳುವುದುಂಟು: "ಓವರ್‌ಕ್ಲಾಕ್ ಮಾಡಲು ಬರುವ ಪ್ರೊಸೆಸರಿಗೆ ಹೆಚ್ಚಿನ ಹಣ ಕೊಡಬೇಕೆ, ಸರ್?" ನಿಗದಿಗಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದೇ ಓವರ್‌ಕ್ಲಾಕಿಂಗ್. ಉತ್ತರವು ಅದರ ಇತಿಹಾಸದಲ್ಲಿಯೇ ಇದೆ.

ಪ್ರೊಸೆಸರು ಸ್ಫಟಿಕವೊಂದರ ಮಿಡಿತಕ್ಕೆ ಹೆಜ್ಜೆ ಹಾಕುತ್ತದೆ. 1981ರ ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ 8088ರ ವೇಗ 4.77 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಸುಮಾರು 47 ಲಕ್ಷ 70 ಸಾವಿರ ಮಿಡಿತ. ನಾನು ಬಿ.ಎಡ್. ಮುಗಿಸಿದ ಕಾಲಕ್ಕೆ ಇಂಥ ಯಂತ್ರವನ್ನು ನಾವು ಚಿತ್ರದಲ್ಲಷ್ಟೇ ಕಂಡಿದ್ದೆವು. 1984ರ ಐಬಿಎಂ ಎಟಿಯ ವೇಗ 6 ಮೆಗಾಹರ್ಟ್ಸ್. ಅದರ ಸ್ಫಟಿಕವನ್ನು ಕಿತ್ತು ಹೆಚ್ಚಿನ ವೇಗದ್ದನ್ನು ಕೂಡಿಸಿದವರಿದ್ದರು. ಕಂಪನಿಗೆ ಇದು ಹಿಡಿಸಲಿಲ್ಲ. ವೇಗ ಮಿತಿ ಮೀರಿದ್ದರೆ ಯಂತ್ರವು ಚಾಲೂ ಆಗದಂತೆ ಮುಂದೆ ಏರ್ಪಾಟು ಮಾಡಿತು.

ಕಾರ್ಖಾನೆಯವರು ಹೇಳಿದ್ದಕ್ಕಿಂತ ಹೆಚ್ಚಿನ ವೇಗ ಬರುವುದಾದರೂ ಹೇಗೆ? ನಿಪ್ಪಾಣಿಯ ಪೇಟೆಯಲ್ಲಿ ತಂಬಾಕು ದರ್ಜೆಯ ಮೇರೆಗೆ ಬೇರೆ ಬೇರೆ ಬೆಲೆಗೆ ಹೋಗುವುದನ್ನು ನೀವು ಬಲ್ಲಿರಿ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳನ್ನೂ ಹೀಗೆಯೇ ಪರೀಕ್ಷಿಸಿ ವೇಗದ ಮುದ್ರೆ ಒತ್ತುತ್ತಾರೆ. ಅಗ್ಗದ ಮಾಲಿಗೆ ಬೇಡಿಕೆ ಹೆಚ್ಚಿದಾಗ ಉತ್ತಮ ಚಿಪ್ಪಿಗೂ ಕೆಳದರ್ಜೆಯ ಮುದ್ರೆಯೇ ಬೀಳುತ್ತದೆ. 1998ರ ಆಗಸ್ಟಿನಲ್ಲಿ ಇಂಟೆಲ್ 149 ಡಾಲರಿನ ಸೆಲೆರಾನ್ 300ಎ ಮತ್ತು 669 ಡಾಲರಿನ ಪೆಂಟಿಯಂ 2, 450 ಇವೆರಡನ್ನೂ ಹೊರತಂದಿತು. ಸೆಲೆರಾನ್ ತನ್ನ 66ರ ಬಸ್ ವೇಗವನ್ನು 4.5ರಿಂದ ಗುಣಿಸಿಕೊಂಡು 300 ಮೆಗಾಹರ್ಟ್ಸ್ ತಲುಪುತ್ತಿತ್ತು. ಬಸ್ಸನ್ನು 100ಕ್ಕೆ ಏರಿಸಿದರೆ 450! ಎಷ್ಟೋ ಚಿಪ್ಪುಗಳು ಈ ಭಾರವನ್ನು ಸುಖವಾಗಿ ಹೊತ್ತವು. ಓವರ್‌ಕ್ಲಾಕಿಂಗಿಗೆ ಕೀರ್ತಿ ಬಂದದ್ದು ಬಹುಮಟ್ಟಿಗೆ ಈ ಒಂದು ಚಿಪ್ಪಿನಿಂದ ಎಂಬುದು ನನ್ನ ಅಭಿಪ್ರಾಯ.

ಆ ಸುಗ್ಗಿ ಬಹುಕಾಲ ನಡೆಯಲಿಲ್ಲ. ಚಿಪ್ಪಿನ ವಿದ್ಯುತ್ ಬಳಕೆಯು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇ. 10 ಏರಿಸಿರಿ: 1.1ರ ಘನ 1.331. ಶೇ. 10ರ ವೇಗಕ್ಕೆ ಶೇ. 33ರಷ್ಟು ಹೆಚ್ಚಿನ ಬಿಸಿ! (ಗಣಿತದ ತಾಸಿನಲ್ಲಿ ನಿದ್ರಿಸಿದವರು ಇದನ್ನು ಇನ್ನೊಮ್ಮೆ ಓದಿರಿ.) ಈ ಬಿಸಿಯ ಗೋಡೆಗೆ ತಾಕಿಯೇ ಇಂಟೆಲ್ 2004ರಲ್ಲಿ 4 ಗಿಗಾಹರ್ಟ್ಸ್‌ನ ಪೆಂಟಿಯಂ 4ರ ಆಸೆ ಬಿಟ್ಟಿತು, ಒಂದೇ ಚಿಪ್ಪಿನಲ್ಲಿ ಹಲವು ಕೋರ್‌ಗಳನ್ನು ಇಡುವ ದಾರಿ ಹಿಡಿಯಿತು. 2008ರಿಂದ ಅದರ ಚಿಪ್ಪುಗಳು ಬಿಸಿಯನ್ನು ನೋಡಿಕೊಂಡು ತಾವೇ ವೇಗ ಏರಿಸಿಕೊಳ್ಳತೊಡಗಿದವು. ಬಳಕೆದಾರನು ಹುಡುಕಿ ಪಡೆಯುತ್ತಿದ್ದ ಲಾಭವನ್ನು ಈಗ ಕಾರ್ಖಾನೆಯೇ ಹಿಂಡಿ ಕೊಡುತ್ತದೆ. 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಹಾಳಾಗುತ್ತಿವೆಯೆಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ವಾರಂಟಿಯನ್ನು 2 ವರ್ಷ ಹೆಚ್ಚಿಸಬೇಕಾಯಿತು.

ಇಂಟೆಲ್ಲಿನಲ್ಲಿ ಓವರ್‌ಕ್ಲಾಕಿಂಗಿಗೆ ಹೆಸರಿನ ಕೊನೆಗೆ 'ಕೆ' ಅಕ್ಷರವಿರುವ ಪ್ರೊಸೆಸರು, ತುಟ್ಟಿಯ ಮದರ್‌ಬೋರ್ಡು, ದೊಡ್ಡ ಫ್ಯಾನು ಎಲ್ಲವೂ ಬೇಕು. ನಮ್ಮ ಚಿಕ್ಕೋಡಿ, ರಾಯಬಾಗದ ಬೇಸಿಗೆಯಲ್ಲಿ ಕೋಣೆಯೇ ಕಾದಿರುತ್ತದೆ. ಓದು, ಬರಹ, ಕಾಲೇಜಿನ ಪ್ರೋಗ್ರಾಮಿಂಗಿಗೆ 6 ಕೋರ್‌ಗಳ ಮಧ್ಯಮ ದರ್ಜೆಯ ಪ್ರೊಸೆಸರು ಧಾರಾಳವಾಗಿ ಸಾಕು. ಉಳಿದ ರೊಕ್ಕದಲ್ಲಿ 16 ಜಿಬಿ ಮೆಮೊರಿ, ಒಂದು ಎಸ್‌ಎಸ್‌ಡಿ, ತಪ್ಪದೆ ಒಂದು ಯುಪಿಎಸ್ ಕೊಳ್ಳಿರಿ. ಮೀರಜಿಗೋ ಕೊಲ್ಹಾಪುರಕ್ಕೋ ಹೋಗಿ ತರುವವರು ಪಕ್ಕಾ ಬಿಲ್ಲನ್ನು ಕೇಳಿ ಪಡೆಯಿರಿ. ಅದಿಲ್ಲದೆ ವಾರಂಟಿಗೆ ಅಲೆದಾಡಬೇಕಾಗುತ್ತದೆ.