ಕೈಖರ್ಚಿನ ಚರಿತ್ರೆ

“ಏನೋ, ಕೈಖರ್ಚಿಗಾಗುತ್ತೆ.” ಮನೆಯಲ್ಲೇ ರವಿಕೆ ಹೊಲಿಯುವವರನ್ನೋ, ಹಪ್ಪಳ ಸಂಡಿಗೆ ಮಾಡಿ ಮಾರುವವರನ್ನೋ, ಸಂಜೆ ಮಕ್ಕಳಿಗೆ ಪಾಠ ಹೇಳುವವರನ್ನೋ ಸಂಪಾದನೆ ಎಷ್ಟೆಂದು ಕೇಳಿ ನೋಡಿ. ಬರುವ ಉತ್ತರ ಇದೇ. ಅದು ವಿನಯದ ಮಾತೆಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅವರಿಗೆ ನಿಜವಾಗಿಯೂ ಲೆಕ್ಕ ಗೊತ್ತಿರುವುದಿಲ್ಲ. ಹೊಲಿಗೆಯ ಹಣ ಹಾಲಿನವನಿಗೆ ಹೋಗಿರುತ್ತದೆ. ಮನೆಖರ್ಚಿನ ಹಣದಲ್ಲಿ ಲೈನಿಂಗ್ ಬಟ್ಟೆ ಬಂದಿರುತ್ತದೆ. ಈ ಬೆರಕೆಗೆ ಬಹಳ ಹಳೆಯ ಚರಿತ್ರೆಯಿದೆ. ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಅದನ್ನು ಕೆದಕಿ ನೋಡುವ ಚಪಲ.

ಹೆಂಡತಿ ದುಡಿದ ಹಣ ಯಾರದು ಎಂಬ ಪ್ರಶ್ನೆ ಧರ್ಮಶಾಸ್ತ್ರಕಾರರಿಗೂ ಎದುರಾಗಿತ್ತು. ತವರಿನವರು ಪ್ರೀತಿಯಿಂದ ಕೊಟ್ಟ ಒಡವೆ ವಸ್ತ್ರ ಅವಳದೇ ಎಂಬುದರಲ್ಲಿ ತಕರಾರಿರಲಿಲ್ಲ. ಆದರೆ ಶಿಲ್ಪದಿಂದ, ಅಂದರೆ ಕೈಕಸುಬಿನಿಂದ, ಅವಳು ಗಳಿಸಿದ್ದಕ್ಕೆ ಗಂಡನೇ ಒಡೆಯ ಎಂದ ಕಾತ್ಯಾಯನ. ಕೊಟ್ಟದ್ದು ನಿನ್ನದು, ದುಡಿದದ್ದು ಅವನದು! ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮದೇ ನಾಡಿನ ಕಲ್ಯಾಣದಲ್ಲಿ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರ ಉದಾರಿ. ಕೊಂಡದ್ದು, ಪಾಲಿಗೆ ಬಂದದ್ದು, ವಾರಸಿನಿಂದ ದೊರೆತದ್ದು ಎಲ್ಲವನ್ನೂ ಆತ ಸ್ತ್ರೀಧನವೆಂದ. ಆದರೂ ಬ್ರಿಟಿಷರ ಕಾಲದ ನ್ಯಾಯಾಲಯಗಳಲ್ಲಿ ನೆಲೆನಿಂತ ಹಿಂದೂ ಕಾನೂನಿನಂತೆ, ನಮ್ಮ ಭಾಗದಲ್ಲಿ ಕೈಕಸುಬಿನ ಗಳಿಕೆ ಹೆಸರಿಗೆ ಹೆಂಡತಿಯದಾದರೂ ಗಂಡ ಬದುಕಿರುವವರೆಗೆ ಅವನ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವಂತಿರಲಿಲ್ಲ.

1874ರಲ್ಲಿ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ ಬಂತು. ಗಂಡನಲ್ಲದೆ ಹೆಂಡತಿಯೇ ನಡೆಸುವ ಕಸುಬು, ವ್ಯಾಪಾರದ ಗಳಿಕೆ ಅವಳ ಪ್ರತ್ಯೇಕ ಆಸ್ತಿ ಎಂದಿತು ಅದು. ಆದರೆ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ ಹೆಂಗಸರಿಗೆ ಅದು ಅನ್ವಯಿಸುತ್ತಿರಲಿಲ್ಲ. ಹಾಗೆಂದ ಮೇಲೆ ಉಳಿದವರೆಷ್ಟು, ನೀವೇ ಹೇಳಿ. ಹಿಂದೂ ಹೆಂಗಸರು 1956ರ ಉತ್ತರಾಧಿಕಾರ ಕಾಯಿದೆಯವರೆಗೆ ಕಾಯಬೇಕಾಯಿತು. ಅದರ 14ನೆಯ ಕಲಮು ಹೆಣ್ಣಿನ ಸ್ವಂತ ಆಸ್ತಿಯನ್ನು ವಿವರಿಸುವಾಗ, ಸ್ವಂತ ಕೌಶಲ ಇಲ್ಲವೆ ಶ್ರಮದಿಂದ ಗಳಿಸಿದ್ದನ್ನೂ ಸೇರಿಸಿದೆ. ಕಾತ್ಯಾಯನ ಗಂಡನಿಗೆ ಕೊಟ್ಟದ್ದನ್ನು ನಮ್ಮ ಸಂಸತ್ತು ಹೆಂಡತಿಗೆ ಮರಳಿಸಿತು.

ಕಾನೂನೇನೋ ಬಂತು. ಆದರೆ ಡಬ್ಬಿಯೊಳಗಿನ ಹಣಕ್ಕೆ ಹೆಸರು ಬರೆದಿರುವುದಿಲ್ಲವಲ್ಲ! ಇಲ್ಲಿ ನಮ್ಮ ಕರಾವಳಿಯ ಒಂದು ಸಂಗತಿ ಹೇಳಬೇಕು. 1925ರಲ್ಲಿ ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವರು ಉಡುಪಿಯಲ್ಲಿ ಕಟ್ಟಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು) 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನವೂ ಬಾಗಿಲಿಗೆ ಬಂದು ಎರಡಾಣೆಯನ್ನೂ ಸ್ವೀಕರಿಸಿ ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸಿನ ದುಡ್ಡಿಗೂ ಅವಳ ಹೆಸರಿನ ಪುಸ್ತಕವಾಯಿತು.

ನನ್ನ ಅಮ್ಮ ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದಳು. ಅವಳದು ಎರಡು ಡಬ್ಬಿ: ಒಂದು ಮನೆಯದು, ಇನ್ನೊಂದು ಹಪ್ಪಳದ್ದು. ಹಪ್ಪಳದ ಡಬ್ಬಿಯಿಂದ ಮನೆಗೆ ರೂಪಾಯಿ ತೆಗೆದರೆ ಅಡುಗೆಮನೆ ಗೋಡೆಗೆ ಇದ್ದಿಲಿನಲ್ಲೊಂದು ಗೀಟು. “ಅದು ಮೆಣಸಿನ ದುಡ್ಡು, ತಿಂದರೆ ಬರುವ ವರ್ಷ ಹಪ್ಪಳ ಇಲ್ಲ” ಎನ್ನುತ್ತಿದ್ದಳು. ಬಂಡವಾಳ, ಲಾಭ ಎಂಬ ಶಬ್ದಗಳನ್ನು ಅವಳು ಆಡಿದ್ದೇ ಇಲ್ಲ.

ಹಪ್ಪಳವೆಂದರೆ ಲಿಜ್ಜತ್ ನೆನಪಾಗದಿರುವುದುಂಟೆ? 1959ರ ಮಾರ್ಚ್ 15ರಂದು ಬೊಂಬಾಯಿಯ ಗಿರಗಾಂವಿನ ಕಟ್ಟಡವೊಂದರ ಮಹಡಿಯ ಮೇಲೆ ಏಳು ಗೃಹಿಣಿಯರು 80 ರೂಪಾಯಿ ಸಾಲ ತಂದು ಕೆಲಸ ತೊಡಗಿದರು. ಮೊದಲ ವರ್ಷದ ಮಾರಾಟ 6,196 ರೂಪಾಯಿ. ಅವರಿಗೆ ಮಾರ್ಗದರ್ಶಕರಾಗಿದ್ದ ಛಗನಬಾಪಾ ಇದನ್ನು ವ್ಯಾಪಾರವೆಂದೇ ತಿಳಿದು ಸರಿಯಾದ ಲೆಕ್ಕ ಇಡಬೇಕೆಂದು ಪಟ್ಟುಹಿಡಿದರು. ಹಿಟ್ಟನ್ನು ಮನೆಗೆ ಒಯ್ದು ಮನೆಯಲ್ಲೇ ಲಟ್ಟಿಸಿದರೂ ಸಂಸ್ಥೆಯ ಹಣ ಯಾರ ಮನೆಯ ಹಣದೊಳಗೂ ಕರಗಲಿಲ್ಲ.

ಈಗ ಕಾಲ ಬದಲಾಗಿದೆ. 2016ರಲ್ಲಿ ಯುಪಿಐ ಬಂದ ಮೇಲೆ ಹೊಲಿಗೆ ಯಂತ್ರದ ಪಕ್ಕದಲ್ಲೂ ಕ್ಯೂಆರ್ ಚೀಟಿ. ಆದರೆ ಸ್ವಲ್ಪ ಗಮನಿಸಿ: ಹಣ ಬಂತೆಂಬ ಸದ್ದು ಎಷ್ಟೋ ಕಡೆ ಆಗುವುದು ಗಂಡನ ಇಲ್ಲವೆ ಮಗನ ಮೊಬೈಲಿನಲ್ಲಿ! ಹೊಲಿದವಳು ಇವಳು, ಜಮೆಯಾದದ್ದು ಅವರ ಖಾತೆಗೆ. ನಾಳೆ ಹೊಸ ಯಂತ್ರಕ್ಕೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ಅವಳ ಖಾತೆಯ ವಹಿವಾಟು ಕೇಳುತ್ತಾರೆ. ಹತ್ತು ವರ್ಷ ದುಡಿದದ್ದಕ್ಕೆ ತೋರಿಸಲು ಒಂದು ಸಾಲೂ ಇರುವುದಿಲ್ಲ.

ಆದ್ದರಿಂದ ಕಸುಬಿಗೆ ನಿಮ್ಮ ಹೆಸರಲ್ಲೇ ಬೇರೆ ಖಾತೆ ಇರಲಿ. ಉಳಿತಾಯ ಖಾತೆ ಇರುವುದು ಮನೆಯ ಹಣಕ್ಕೆ. ವ್ಯಾಪಾರಕ್ಕೆ ಚಾಲ್ತಿ ಖಾತೆ. ಅದಕ್ಕೆ ಬಡ್ಡಿಯಿಲ್ಲ, ಕಸುಬಿನ ದಾಖಲೆಪತ್ರಗಳನ್ನೂ ಕೇಳುತ್ತಾರೆ. 2020ರಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಿರಾಕಿಯ ಹಣ ಆ ಖಾತೆಗೇ ಬರಲಿ, ನೂಲು, ಗುಂಡಿ, ಲೈನಿಂಗಿನ ಹಣ ಅಲ್ಲಿಂದಲೇ ಹೋಗಲಿ. ತಿಂಗಳಿಗೊಮ್ಮೆ ನಿಮ್ಮ ಸಂಬಳವೆಂದು ಇಂತಿಷ್ಟು ಮನೆಯ ಖಾತೆಗೆ ಹಾಕಿಕೊಳ್ಳಿ. ಒಂದು ಮಾತು ನೆನಪಿರಲಿ: ಒಬ್ಬರೇ ನಡೆಸುವ ಕಸುಬನ್ನೂ ಒಡತಿಯನ್ನೂ ಕಾನೂನು ಬೇರೆ ಬೇರೆಯಾಗಿ ನೋಡುವುದಿಲ್ಲ, ಕಸುಬಿನ ಸಾಲ ನಿಮ್ಮ ಸಾಲವೇ. ಅದಕ್ಕೇ ಎಲ್ಲಿ ಸೋರುತ್ತಿದೆಯೆಂದು ಮೊದಲೇ ಕಾಣಬೇಕು.

ತಿಂಗಳಿಗೆ 9,000 ಬಂದು, ಸಾಮಾನು ವಿದ್ಯುತ್ತಿಗೆ 3,500 ಹೋಯಿತೆನ್ನಿ. ಉಳಿದ 5,500, ವರ್ಷಕ್ಕೆ 66,000. ಅಷ್ಟು ಹಣಕ್ಕೆ ಕೈಖರ್ಚು ಎಂದು ಯಾರಾದರೂ ಹೆಸರಿಡುತ್ತಾರೆಯೇ?