ಆಹಾರದ ಚೀಟಿ ಮತ್ತು ಅಂಗಡಿಯವರ ಹೊಣೆ



ವೈದ್ಯರಾದ ನಮಗೂ ದಿನಸಿ ಅಂಗಡಿಯ ಕಾನೂನಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಕ್ಕರೆ ಕಾಯಿಲೆಯವರಿಗೆ ಪಥ್ಯ ಹೇಳುವಾಗ, ತಿಂಗಳ ಕೊನೆಯ ವಾರ ಮನೆಯಲ್ಲಿ ಏನಿರುತ್ತದೆಂದು ವಿಚಾರಿಸುವ ಅಭ್ಯಾಸ ನಮಗೆ ರೆಸಿಡೆನ್ಸಿಯ ಕಾಲದಿಂದಲೂ ಇದೆ. ಆ ಪ್ರಶ್ನೆಯೇ ನಮ್ಮನ್ನು ಅಮೆರಿಕದ ಫುಡ್ ಸ್ಟಾಂಪಿನ ಚರಿತ್ರೆಗೆ ಎಳೆದೊಯ್ದಿತು.

ಈ ಯೋಜನೆ ಮೊದಲಾದದ್ದು 1939ರ ಮೇ 16ರಂದು, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ. ಒಂದು ಡಾಲರಿನ ಕಿತ್ತಳೆ ಬಣ್ಣದ ಚೀಟಿ ಕೊಂಡವರಿಗೆ ಐವತ್ತು ಸೆಂಟಿನ ನೀಲಿ ಚೀಟಿ ಉಚಿತ. ನೀಲಿ ಚೀಟಿಗೆ ಸರ್ಕಾರ ಹೆಚ್ಚುವರಿಯೆಂದು ಸಾರಿದ ಆಹಾರ ಪದಾರ್ಥಗಳು ಮಾತ್ರ ದೊರೆಯುತ್ತಿದ್ದವು. ಅದೇ ಅಕ್ಟೋಬರಿನಲ್ಲಿ, ಆರು ತಿಂಗಳು ತುಂಬುವ ಮೊದಲೇ, ನಿಯಮ ಮುರಿದ ಮೊದಲ ಅಂಗಡಿಯವನು ಸಿಕ್ಕಿಬಿದ್ದ! 1943ರಲ್ಲಿ ನಿಂತ ಯೋಜನೆ 1961ರಲ್ಲಿ ಪ್ರಯೋಗವಾಗಿ ಮರಳಿ, 1964ರ ಶಾಸನದಿಂದ ನೆಲೆಗೊಂಡಿತು. 2008ರಿಂದ ಅದರ ಹೆಸರು ಸ್ನ್ಯಾಪ್.

ಕಾನೂನಿನ ದೃಷ್ಟಿಯಿಂದ ಮುಖ್ಯವಾದುದು ಷಿಕಾಗೋ ನಗರದ ಒಂದು ಪ್ರಕರಣ. ಅಲ್ಲಿನ ಸ್ಯಾಂಡ್‌ವಿಚ್ ಅಂಗಡಿಯ ಪಾಲುದಾರನೊಬ್ಬ, ವೇಷ ಮರೆಸಿ ಬಂದ ಸರ್ಕಾರಿ ಅಧಿಕಾರಿಯಿಂದ ಮೂರು ಬಾರಿಗೆ 1,195 ಡಾಲರ್ ಮುಖಬೆಲೆಯ ಕೂಪನ್‌ಗಳನ್ನು 750 ಡಾಲರಿಗೆ ಕೊಂಡ. ಅವನ ಅಂಗಡಿಗೆ ಕೂಪನ್ ಪಡೆಯುವ ಪರವಾನಗಿಯೇ ಇರಲಿಲ್ಲ. ಕೆಳಗಿನ ನ್ಯಾಯಾಲಯ ಅವನನ್ನು ಅಪರಾಧಿಯೆಂದಿತು. ಆದರೆ 1985ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ತನ್ನ ಕೃತ್ಯ ನಿಯಮಬಾಹಿರವೆಂದು ಆರೋಪಿಗೆ ತಿಳಿದಿತ್ತೆಂಬುದನ್ನು ಸರ್ಕಾರವೇ ಸಿದ್ಧಪಡಿಸಬೇಕೆಂದು ತೀರ್ಪಿತ್ತಿತು. ಇದೇ ಪ್ರಸಿದ್ಧ ಲಿಪರೋಟ ಪ್ರಕರಣ.

ಈ ರಕ್ಷಣೆ ಕ್ರಿಮಿನಲ್ ಮೊಕದ್ದಮೆಗೆ ಮಾತ್ರ. ಕೃಷಿ ಇಲಾಖೆ ಪರವಾನಗಿ ಕಿತ್ತುಕೊಳ್ಳಲು ಮಾಲೀಕನಿಗೆ ಗೊತ್ತಿತ್ತೆಂದು ತೋರಿಸಬೇಕಾಗಿಲ್ಲ. ಗಲ್ಲಾದಲ್ಲಿ ಕುಳಿತ ಹುಡುಗ ಸ್ನ್ಯಾಪ್ ಹಣಕ್ಕೆ ಪ್ರತಿಯಾಗಿ ನಗದು ಕೊಟ್ಟರೆ ಮೊದಲ ತಪ್ಪಿಗೇ ಅಂಗಡಿಗೆ ಶಾಶ್ವತ ಬಹಿಷ್ಕಾರ. ಸಾಬೂನು, ಸಿಗರೇಟು ಮಾರಿದರೆ ಆರು ತಿಂಗಳಿಂದ ಐದು ವರ್ಷ. 1988ರ ತಿದ್ದುಪಡಿಯಿಂದ, ನೌಕರರಿಗೆ ನಿಯಮ ಕಲಿಸಿದ ದಾಖಲೆಯುಳ್ಳವರಿಗೆ ಶಾಶ್ವತ ಬಹಿಷ್ಕಾರದ ಬದಲು ದಂಡ ತೆರುವ ಒಂದು ಕಿರುದಾರಿ ಇದೆ; ಆದರೆ ಆರೋಪಪತ್ರ ತಲುಪಿದ ಹತ್ತೇ ದಿನದಲ್ಲಿ ದಾಖಲೆ ಒಪ್ಪಿಸಬೇಕು.

ನಮ್ಮವರು ವಿಶೇಷವಾಗಿ ಗಮನಿಸಬೇಕಾದುದು ಉದ್ರಿಯನ್ನು. ಊರಿನ ಶೆಟ್ಟರ ಅಂಗಡಿಯಲ್ಲಿ ಲೆಕ್ಕದ ಪುಸ್ತಕಕ್ಕೆ ಬರೆಸಿ, ಸಂಬಳದ ದಿನ ಚುಕ್ತಾ ಮಾಡಿದವರ ಮಕ್ಕಳು ನಾವು. ಅಲ್ಲಿ ಅದು ದಯೆ. ಇಲ್ಲಿ ಸಾಲವಾಗಿ ಕೊಟ್ಟ ಅಕ್ಕಿಬೇಳೆಗೆ ಆಮೇಲೆ ಸ್ನ್ಯಾಪ್ ಹಣ ಪಡೆದರೆ ಒಂದು ವರ್ಷದ ಬಹಿಷ್ಕಾರ. 2004ರ ಹೊತ್ತಿಗೆ ದೇಶದಾದ್ಯಂತ ಕೂಪನ್ ಹೋಗಿ ಕಾರ್ಡ್ ಬಂದ ಮೇಲೆ ಪ್ರತಿ ವ್ಯವಹಾರವೂ ಗಣಕಯಂತ್ರದಲ್ಲಿ ದಾಖಲಾಗುತ್ತದೆ. ಅಧಿಕಾರಿ ಅಂಗಡಿಗೆ ಬಾರದೆಯೂ ಆರೋಪಪತ್ರ ಬರಬಹುದು.

ಸುತ್ತಮುತ್ತ ಬೇರೆ ಅಂಗಡಿಯಿಲ್ಲದ ಕಡೆ, ಸಣ್ಣ ತಪ್ಪುಗಳಿಗೆ ಬಹಿಷ್ಕಾರದ ಬದಲು ದಂಡ ವಿಧಿಸಬಹುದು. ನಗದಿನ ದಂಧೆಗೆ ಆ ರಿಯಾಯಿತಿ ಇಲ್ಲ. ನಮ್ಮ ಆಸ್ಪತ್ರೆಯ ಬಳಿ ಒಂದು ಅಂಗಡಿ ಹೀಗೆ ಬಹಿಷ್ಕೃತವಾದಾಗ, ನಮ್ಮ ವೃದ್ಧ ರೋಗಿಯೊಬ್ಬರು ಹಾಲು ಮೊಟ್ಟೆಗಾಗಿ ಎರಡು ಬಸ್ಸು ಹಿಡಿಯಬೇಕಾಯಿತು. ಇನ್ಸುಲಿನ್ ಚುಚ್ಚಿಕೊಂಡು ಊಟವಿಲ್ಲದೆ ಹೊರಟ ಒಂದು ದಿನ ಅವರನ್ನು ನಾವು ಕಂಡದ್ದು ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ.